ಮಳೆಗಾಲದಲ್ಲಿ ಮನೆಗಳ್ಳತನ ತಡೆಯುವುದು ಹೇಗೆ: ಶಿರಸಿಯ ತೋಟದ ಮನೆಯಿಂದ ಕಾರವಾರದ ಕಡಲತಡಿಯವರೆಗೆ

ಉತ್ತರ ಕನ್ನಡದಲ್ಲಿ ಕತ್ತಲಿನ ತಿಂಗಳು ಎಂದರೆ ಮಳೆಗಾಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನ ಸಂಜೆ ಐದೂವರೆಗೇ ದೀಪ ಹಾಕಬೇಕು. ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ತಗಡಿನ ಶೀಟಿನ ಮೇಲೆ ಜಡಿಮಳೆ ಹೊಡೆಯುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅಂಥ ರಾತ್ರಿ ಯಾರಾದರೂ ಹಿಂಬಾಗಿಲು ಮೀಟಿದರೆ ಒಳಗೆ ಮಲಗಿದವರಿಗೆ ಗೊತ್ತಾಗುವುದು ಬೆಳಿಗ್ಗೆಯೇ.

ಮನೆ ಭದ್ರತೆಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಸದ್ದನ್ನು ನಂಬಿಕೊಂಡಿವೆ. ನಾಯಿ ಬೊಗಳುತ್ತದೆ, ಗಾಜು ಒಡೆದರೆ ಕೇಳುತ್ತದೆ, ಅಲಾರಂ ಕೂಗುತ್ತದೆ ಅಂತ. ನಮ್ಮ ಮಳೆಗಾಲದಲ್ಲಿ ಇದು ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ನಾವು ನಂಬಬೇಕಾದ್ದು ಎರಡು. ಒಳಗೆ ಬರಲು ಕಳ್ಳನಿಗೆ ತುಂಬಾ ಹೊತ್ತು ಹಿಡಿಯಬೇಕು. ಮನೆಯಲ್ಲಿ ಜನ ಇದ್ದಾರೆ ಎಂಬುದು ಹೊರಗಿನಿಂದಲೇ ಕಾಣಬೇಕು. ಮುಂದೆ ಹೇಳಿರುವ ಕೆಲಸಗಳೆಲ್ಲ ಈ ಎರಡಕ್ಕಾಗಿಯೇ.

ಮಳೆಗಾಲದ ಮನೆಗಳ ಸ್ಥಿತಿಯನ್ನೂ ನೋಡಿ. ಘಟ್ಟದ ಮೇಲೆ ಚಾಲಿ ಅಡಿಕೆ ಒಣಗಿ ಚೀಲ ತುಂಬಿ ಅಟ್ಟ ಸೇರಿರುತ್ತದೆ, ಒಳ್ಳೆಯ ದರ ಬರಲಿ ಅಂತ ಕಾಯುತ್ತಿರುತ್ತೇವೆ. ಎಷ್ಟೋ ಮನೆಗಳಲ್ಲಿ ಇರುವುದು ವಯಸ್ಸಾದ ಇಬ್ಬರೇ. ಮಳೆ ಜಾಸ್ತಿ ಅಂತ ಅವರೂ ಒಂದಷ್ಟು ದಿನ ಬೆಂಗಳೂರಿಗೆ ಮಕ್ಕಳ ಮನೆಗೆ ಹೋಗುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಗಂಡಸರು ಮನೆಯಲ್ಲೇ ಇರುತ್ತಾರೆ. ಆಗಸ್ಟ್ ಬಂತೆಂದರೆ ಬೋಟು ಕಡಲಿಗಿಳಿಯುತ್ತದೆ. ಮಳೆ ಇನ್ನೂ ಬಿಟ್ಟಿರುವುದಿಲ್ಲ, ಮನೆಯಲ್ಲಿ ಹೆಂಗಸರು ಮಕ್ಕಳು ಮಾತ್ರ. ಗೋವಾ, ಮುಂಬೈ ಕಡೆ ದುಡಿಯಲು ಹೋದವರ ಮನೆಗಳಿಗಂತೂ ಬೀಗವೇ.

ಮೊದಲ ಹಂತ: ಮೇ ತಿಂಗಳಲ್ಲಿ ಮನೆ ಸುತ್ತ ಒಂದು ಸುತ್ತು

ಕೆಲಸ ಶುರು ಮಾಡಬೇಕಾದ್ದು ಮೇ ತಿಂಗಳಲ್ಲಿ. ಮಳೆ ಹಿಡಿದ ಮೇಲೆ ಬಡಿಗರು ಸಿಗುವುದಿಲ್ಲ, ವೆಲ್ಡಿಂಗ್‌ನವರು ಬರುವುದಿಲ್ಲ, ಸಿಮೆಂಟು ಒಣಗುವುದಿಲ್ಲ.

ಕತ್ತಲಾದ ಮೇಲೆ ಮನೆಯವರಲ್ಲಿ ಒಬ್ಬರು ಟಾರ್ಚ್ ಹಿಡಿದು ಹೊರಗಿನಿಂದ ಮನೆ ಸುತ್ತಿ ಬನ್ನಿ. ಕೀ ಇಲ್ಲದೆ ಒಳಗೆ ಹೋಗಬೇಕಾದರೆ ಎಲ್ಲಿಂದ ಹೋಗುತ್ತೀರಿ? ಉತ್ತರ ನಿಮಗೇ ಗೊತ್ತಿರುತ್ತದೆ. ಕೀ ಮರೆತ ದಿನ ಮಕ್ಕಳು ಯಾವ ಕಿಟಕಿಯಿಂದ ಕೈ ಹಾಕಿ ಚಿಲಕ ತೆಗೆದಿದ್ದರು, ಯಾವ ಹಂಚು ಸರಿಸಿದರೆ ಅಟ್ಟಕ್ಕೆ ಇಳಿಯಬಹುದು, ಬಚ್ಚಲುಮನೆಯ ಬಾಗಿಲು ಹೇಗೆ ಅಲುಗಾಡುತ್ತದೆ. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಡಿ. ಕೆಲಸದ ಪಟ್ಟಿ ಅಲ್ಲೇ ಆಯಿತು.

ಹಾಗೇ ಹೊರಗೆ ಬಿದ್ದಿರುವ ಸಾಮಾನು ನೋಡಿ. ಕೊಟ್ಟಿಗೆಯ ಗೋಡೆಗೆ ಒರಗಿಸಿದ ಹಾರೆ, ಪಿಕಾಸಿ, ಗುದ್ದಲಿ. ಮಾಡಿಗೆ ಸರಿಯಾಗಿ ತಾಗುವ ಏಣಿ. ಕಳ್ಳನಿಗೆ ತನ್ನ ಸಾಮಾನು ತರುವ ಅಗತ್ಯವೇ ಇಲ್ಲ, ನಮ್ಮ ಹಾರೆಯಿಂದಲೇ ನಮ್ಮ ಬಾಗಿಲು ಮೀಟಬಹುದು. ಇವನ್ನೆಲ್ಲ ಬೀಗ ಹಾಕುವ ಕೋಣೆಗೆ ಸೇರಿಸಿ. ಉದ್ದದ ಏಣಿ ಒಳಗೆ ಹಿಡಿಸದಿದ್ದರೆ ಸರಪಳಿ ಹಾಕಿ ಕಂಬಕ್ಕೆ ಬಿಗಿದು ಬೀಗ ಹಾಕಿ. ಅಡಿಕೆ ಕೊಯ್ಯುವ ದೋಟಿಯನ್ನೂ ಮರೆಯಬೇಡಿ. ಮೊಳೆಗೆ ನೇತುಹಾಕಿದ ಕೀಗೊಂಚಲು, ಮೇಜಿನ ಮೇಲಿನ ಪರ್ಸು ಇವನ್ನು ಕಿಟಕಿ ಸರಳಿನ ನಡುವೆ ಉದ್ದನೆಯ ಕೋಲು ತೂರಿಸಿ ಎಳೆದುಕೊಳ್ಳಬಹುದು. ಕೀ ನೇತುಹಾಕುವ ಜಾಗ ಕಿಟಕಿಯಿಂದ ಕಾಣಬಾರದು.

ಮಳೆ ಎರಚಲು ತಡೆಯಲು ಜಗಲಿಗೆ ಕಟ್ಟುವ ಟಾರ್ಪಾಲು ಅಥವಾ ಸೋಗೆಯ ತಟ್ಟಿ ಕೂಡ ಕಳ್ಳನಿಗೆ ಮರೆಯಾಗುತ್ತದೆ. ಅದರ ಹಿಂದೆ ಕೂತು ಒಂದು ಗಂಟೆ ಬೀಗ ಕೊಯ್ದರೂ ರಸ್ತೆಗೆ ಕಾಣದು. ಮುಂಬಾಗಿಲಿನ ಎದುರು ಮಾತ್ರ ಪಾರದರ್ಶಕ ಶೀಟು ಹಾಕಿಸಿ, ಅಥವಾ ಅಷ್ಟು ಜಾಗ ಖಾಲಿ ಬಿಡಿ.

ಎರಡನೇ ಹಂತ: ಹಿಂಬಾಗಿಲು

ಮುಂಬಾಗಿಲಿಗೆ ನಾವು ಖರ್ಚು ಮಾಡುತ್ತೇವೆ. ಕೆತ್ತನೆ, ಹಿತ್ತಾಳೆಯ ಹಿಡಿಕೆ, ದುಬಾರಿ ಲಾಕು. ಹಿಂಬಾಗಿಲಿಗೆ ಒಂದು ಚಿಲಕ, ಅಷ್ಟೇ. ನೀವು ಈ ಬರಹದಲ್ಲಿ ಒಂದೇ ಕೆಲಸ ಮಾಡುವುದಾದರೆ ಹಿಂಬಾಗಿಲಿನದ್ದನ್ನು ಮಾಡಿ.

ಮಳೆಗಾಲದಲ್ಲಿ ಅದಕ್ಕೆ ಏನಾಗುತ್ತದೆ ಅಂತ ಸ್ವಲ್ಪ ಗಮನಿಸಿ. ಹಲಸು, ಮತ್ತಿ ಅಥವಾ ಯಾವುದೋ ಕಾಡುಮರದ ಹಲಗೆ ಮೇ ತಿಂಗಳಲ್ಲಿ ಸಲೀಸಾಗಿ ಹಾಕಿಕೊಳ್ಳುತ್ತದೆ. ಮಳೆ ಹಿಡಿದು ಒಂದೆರಡು ವಾರಕ್ಕೆ ಮರ ನೀರು ಕುಡಿದು ಉಬ್ಬುತ್ತದೆ. ಬಾಗಿಲು ಹೊಸ್ತಿಲಿಗೆ ತಾಗುತ್ತದೆ, ಚೌಕಟ್ಟಿನಲ್ಲಿ ಪೂರ್ತಿ ಕೂರುವುದಿಲ್ಲ, ಚಿಲಕ ಅದರ ತೂತಿಗೆ ಸರಿಯಾಗಿ ಬೀಳುವುದಿಲ್ಲ. ಆಗ ನಾವು ಬಾಗಿಲನ್ನು ಒತ್ತಿ ಬಿಗಿ ಮಾಡಿ, ಚಿಲಕದ ತುದಿ ಮಾತ್ರ ಸಿಕ್ಕಿಸಿ ಮಲಗುತ್ತೇವೆ. ಒಳಗಿನಿಂದ ನೋಡಿದರೆ ಬಾಗಿಲು ಗಟ್ಟಿಯಾಗಿಯೇ ಕಾಣುತ್ತದೆ. ಹೊರಗಿನಿಂದ ಭುಜ ಕೊಟ್ಟರೆ ಆ ತುದಿ ಜಾರಿ ಹೋಗುತ್ತದೆ.

ಪರಿಹಾರ ಸುಲಭ, ಆದರೆ ಮಳೆಗೆ ಮೊದಲೇ ಆಗಬೇಕು. ಬಡಿಗರನ್ನು ಕರೆಸಿ ಬಾಗಿಲಿನ ಕೆಳಗಿನ ಅಂಚು ಮತ್ತು ಚಿಲಕದ ಕಡೆಯ ಅಂಚಿಗೆ ಮೂರು-ನಾಲ್ಕು ಮಿಲಿಮೀಟರ್ ಕೀಸುಳಿ ಹೊಡೆಸಿ. ಆಮೇಲೆ ಮೇಲಂಚು, ಕೆಳಂಚು ಎರಡಕ್ಕೂ ಬಣ್ಣವನ್ನೋ ವಾರ್ನಿಶನ್ನೋ ಎರಡು ಸಲ ಹಚ್ಚಿಸಿ. ಎದುರಿಗೆ ಕಾಣುವ ಭಾಗಕ್ಕೆ ಮಾತ್ರ ಬಣ್ಣ ಬಳಿದು ಈ ಅಂಚುಗಳನ್ನು ಹಾಗೇ ಬಿಡುವುದು ರೂಢಿ. ನೀರು ಜಾಸ್ತಿ ಹೀರುವುದು ಅಲ್ಲಿಂದಲೇ. ಚಿಲಕದ ತೂತನ್ನು ಸ್ವಲ್ಪ ಉದ್ದಕ್ಕೆ ಕೊರೆಸಿದರೆ ಬಾಗಿಲು ಒಂಚೂರು ಏರಿಳಿದರೂ ಚಿಲಕ ಪೂರ್ತಿ ಇಳಿಯುತ್ತದೆ.

ಇನ್ನು ಚಿಲಕ, ಕೊಂಡಿ. ಬೀಗ ಎಷ್ಟೇ ದೊಡ್ಡದಿರಲಿ, ಕೊಂಡಿಯನ್ನು ಅರ್ಧ ಇಂಚಿನ ಸ್ಕ್ರೂನಿಂದ ಕೂರಿಸಿದ್ದರೆ ಕಳ್ಳ ಬೀಗ ಮುಟ್ಟುವುದೇ ಇಲ್ಲ. ಕೊಂಡಿಯನ್ನೇ ಮೀಟಿ ಕೀಳುತ್ತಾನೆ. ಸ್ಕ್ರೂ ತೆಗೆಸಿ, ಹಲಗೆಯ ಆಚೆಗೆ ಹಾಯುವ ನಟ್-ಬೋಲ್ಟ್ ಹಾಕಿಸಿ. ಬೋಲ್ಟಿನ ಗುಂಡು ತಲೆ ಹೊರಗೆ ಇರಲಿ, ನಟ್ಟು ಒಳಗಿರಲಿ. ಚೌಕಟ್ಟಿನ ಕಡೆಗೂ ಹಾಗೇ ಉದ್ದನೆಯ ಬೋಲ್ಟ್ ಬೇಕು.

ಮಲಗುವಾಗ ಒಳಗಿನಿಂದ ಅಡ್ಡ ಕೊಡಲು ಹಳೆಯ ಮನೆಗಳಲ್ಲಿ ಅಗಳಿ ಇರುತ್ತಿತ್ತು, ಗೋಡೆಯಿಂದ ಗೋಡೆಗೆ ಹಾಯುವ ಮರದ ದಪ್ಪ ಪಟ್ಟಿ. ಅಷ್ಟು ಒಳ್ಳೆಯ ಉಪಾಯ ಇವತ್ತಿಗೂ ಇನ್ನೊಂದಿಲ್ಲ. ಹೊಸ ಮನೆಗೆ ಬೇಕಾದರೆ ಎರಡು ಕಬ್ಬಿಣದ ಕೊಕ್ಕೆಗಳನ್ನು ಗೋಡೆಗೆ ಆಂಕರ್ ಬೋಲ್ಟಿನಿಂದ ಕೂರಿಸಿ, ಅದರಲ್ಲಿ ಗಟ್ಟಿ ಮರದ ಅಡ್ಡಪಟ್ಟಿ ಇಳಿಸಿದರಾಯಿತು. ಸ್ಥಳೀಯ ವೆಲ್ಡರ್ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಇದು ಒಳಗಡೆಗೆ ತೆರೆಯುವ ಬಾಗಿಲಿಗೆ ಮಾತ್ರ ಆಗುತ್ತದೆ ಎಂಬುದು ನೆನಪಿರಲಿ.

ಕಡಲ ಬದಿಯವರಿಗೆ ಇನ್ನೊಂದು ತೊಂದರೆ ಉಪ್ಪುಗಾಳಿ. ಕೋಡಿಬಾಗ, ಬೈತಖೋಲದಂಥ ಕಡೆ ಸಾದಾ ಕಬ್ಬಿಣದ ಬೀಗ ಬೇಗ ತುಕ್ಕು ಹಿಡಿಯುತ್ತದೆ. ಕೀ ತಿರುಗದೆ ಬೀಗ ಹಾಕುವುದನ್ನೇ ಬಿಡುವವರಿದ್ದಾರೆ. ಹಿತ್ತಾಳೆ ಮೈಯ ಬೀಗ, ಸ್ಟೇನ್‌ಲೆಸ್ ಸ್ಟೀಲಿನ ಚಿಲಕ, ಅದರಲ್ಲೂ ಸಿಕ್ಕಿದರೆ 316 ದರ್ಜೆಯ ಸ್ಟೀಲು ತೆಗೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ 304ಕ್ಕಿಂತ ಇದು ಉಪ್ಪನ್ನು ಹೆಚ್ಚು ತಡೆಯುತ್ತದೆ. ತಿಂಗಳಿಗೊಮ್ಮೆ ಕೀತೂತಿಗೆ ಗ್ರಾಫೈಟ್ ಪುಡಿ ಹಾಕಿ. ತೆಂಗಿನೆಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಮೂರನೇ ಹಂತ: ಮಾಡು ಮತ್ತು ಕಿಟಕಿ

ಹಂಚಿನ ಮನೆಯಲ್ಲಿ ಮೇಲಿನಿಂದ ಇಳಿಯುವುದು ಕಷ್ಟವಲ್ಲ. ನಾಲ್ಕು ಹಂಚು ಸರಿಸಿದರೆ ದಾರಿ ಸಿಕ್ಕಿತು. ಮಳೆಗೆ ಮೊದಲು ಹಂಚು ಕೈಯಾಡಿಸುವಾಗಲೇ ರೀಪಿನ ಕೆಳಗೆ, ಪಕಾಸುಗಳಿಗೆ ದಪ್ಪ ತಂತಿಯ ವೆಲ್ಡ್ ಮೆಶ್ ಬಡಿಸಿಬಿಡಿ. ಇಡೀ ಮನೆಗೆ ಆಗದಿದ್ದರೆ ಅಡಿಕೆ ಇಟ್ಟ ಅಟ್ಟ ಮತ್ತು ಕಪಾಟು ಇರುವ ಕೋಣೆಯ ಮೇಲಾದರೂ ಹಾಕಿಸಿ. ಮಂಗನ ಕಾಟಕ್ಕೂ ಅದು ಆದೀತು. ಅಟ್ಟದಿಂದ ಮನೆಯೊಳಗೆ ಇಳಿಯುವ ಕಡೆ ಬಾಗಿಲಿದ್ದರೆ ಕೆಳಗಿನಿಂದ ಚಿಲಕ ಇರಲಿ. ಮಾಡಿನ ಮೇಲೆ ಬಾಗಿದ ಮಾವು, ಹಲಸಿನ ಕೊಂಬೆ ಕಡಿಸಿ. ಗಾಳಿಮಳೆಗೆ ಮುರಿದು ಬೀಳುವ ಭಯವೂ ತಪ್ಪುತ್ತದೆ.

ಕಿಟಕಿಯ ತೆಳು ಸರಳನ್ನು ಬಗ್ಗಿಸಬಹುದು. ಹನ್ನೆರಡು ಮಿಲಿಮೀಟರ್ ಸರಳು, ನಡುನಡುವೆ ಅಡ್ಡಪಟ್ಟಿ ಕೊಟ್ಟು ವೆಲ್ಡ್ ಮಾಡಿದ್ದು ಒಳ್ಳೆಯದು. ಬಚ್ಚಲಿನ ಗಾಜುಪಟ್ಟಿಯ ಗವಾಕ್ಷಿಯ ಗಾಜುಗಳನ್ನು ಒಂದೊಂದಾಗಿ ಸದ್ದಿಲ್ಲದೆ ಜಾರಿಸಿ ತೆಗೆಯಬಹುದು, ಅಲ್ಲಿಗೂ ಗ್ರಿಲ್ ಬೇಕು.

ಒಂದು ಎಚ್ಚರಿಕೆ. ಮನೆಯನ್ನು ಒಳಗಿದ್ದವರಿಗೇ ಹೊರಬರಲಾಗದ ಹಾಗೆ ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ಗುಡ್ಡ ಜರಿಯಬಹುದು, ಹೊಳೆ ನೀರು ನುಗ್ಗಬಹುದು, ಶಾರ್ಟ್ ಸರ್ಕ್ಯೂಟ್ ಆಗಬಹುದು. ಒಂದು ಕಿಟಕಿಯ ಗ್ರಿಲ್ ಒಳಗಿನಿಂದ ಬೀಗ ತೆಗೆದು ತೆರೆಯುವಂತಿರಲಿ. ಅದರ ಕೀ ಎಲ್ಲಿದೆ ಎಂಬುದು ಮಕ್ಕಳಿಗೂ ಗೊತ್ತಿರಲಿ. ಹಾಗೇ, ಹಂದಿಗೆ ಅಂತಲೋ ಕಳ್ಳರಿಗೆ ಅಂತಲೋ ಬೇಲಿಗೆ ಮನೆಯ ಕರೆಂಟು ಕೊಡುವುದನ್ನು ದಯವಿಟ್ಟು ಮಾಡಬೇಡಿ. ಅದು ಕಾನೂನುಬಾಹಿರ. ಒದ್ದೆ ನೆಲದಲ್ಲಿ ಸಾಯುವುದು ದನಕರು, ಪಕ್ಕದ ಮನೆಯ ಮಗು, ಇಲ್ಲವೇ ನಮ್ಮವರೇ.

ನಾಲ್ಕನೇ ಹಂತ: ಬೆಳಕು, ಕ್ಯಾಮರಾ, ನಾಯಿ

ಹೊರಗಿನ ದೀಪಕ್ಕೆ ಸೋಲಾರ್ ನಂಬಬೇಡಿ. ಬೇಸಿಗೆಯಲ್ಲಿ ಚೆನ್ನಾಗಿ ಉರಿಯುವ ಸೋಲಾರ್ ಲೈಟು ಜುಲೈ ತಿಂಗಳ ಮೋಡದಲ್ಲಿ ಚಾರ್ಜ್ ಆಗದೆ ರಾತ್ರಿ ಬೇಗ ನಂದುತ್ತದೆ. ಇನ್ವರ್ಟರ್ ಇದ್ದರೆ ಮುಂದೆ ಒಂದು, ಹಿಂದೆ ಒಂದು ಸಣ್ಣ ಎಲ್‌ಇಡಿಯನ್ನು ಅದರ ಲೈನಿಗೆ ಹಾಕಿಸಿ. ಐದೋ ಒಂಬತ್ತೋ ವ್ಯಾಟಿನ ಬಲ್ಬು ರಾತ್ರಿಯಿಡೀ ಉರಿದರೂ ದೊಡ್ಡ ಖರ್ಚಲ್ಲ. ಕೊಟ್ಟಿಗೆ, ಹಿತ್ತಿಲ ಕಡೆಗೆ ಮಾತ್ರ ಜನ ಬಂದಾಗ ಹತ್ತಿಕೊಳ್ಳುವ ಸೆನ್ಸರ್ ದೀಪ ಸಾಕು.

ಮನೆಯ ಮೇನ್ ಸ್ವಿಚ್ ಹೊರಗಿನ ಮೀಟರ್ ಪಕ್ಕದಲ್ಲಿದ್ದರೆ ಯಾರು ಬೇಕಾದರೂ ಬಂದು ಮನೆ ಕತ್ತಲು ಮಾಡಬಹುದು. ಎಲೆಕ್ಟ್ರಿಷಿಯನ್‌ಗೆ ಹೇಳಿ, ಇನ್ವರ್ಟರಿನ ಸ್ವಿಚ್ಚಾದರೂ ಮನೆಯೊಳಗೆ ಇರುವಂತೆ ನೋಡಿಕೊಳ್ಳಿ.

ಕ್ಯಾಮರಾ ಹಾಕಿಸುವುದಾದರೆ ಮಾಡಿನ ಚಾಚಿನ ಒಳಗೆ, ಕೈಗೆ ಎಟುಕದ ಎತ್ತರದಲ್ಲಿರಲಿ. ಮಳೆಹನಿ ಬಿದ್ದ ಲೆನ್ಸಿನಲ್ಲಿ ಮುಖ ಕಾಣುವುದಿಲ್ಲ. ರಾತ್ರಿ ಹೊತ್ತಿನ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಕೊನೆಗೆ ತೆರೆಯ ಮೇಲೆ ಜೇಡರ ಬಲೆ ಬಿಟ್ಟು ಇನ್ನೇನೂ ಇರುವುದಿಲ್ಲ. ವಾರಕ್ಕೊಮ್ಮೆ ಒರೆಸಬೇಕು. ರೌಟರ್‌ಗೆ ಸಣ್ಣ ಯುಪಿಎಸ್ ಇಡಿ, ಇಲ್ಲದಿದ್ದರೆ ಕರೆಂಟು ಹೋದ ಕ್ಷಣ ಮೊಬೈಲಿಗೆ ಚಿತ್ರ ಬರುವುದು ನಿಲ್ಲುತ್ತದೆ. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಟಿವಿ ಪಕ್ಕ ಇಡಬೇಡಿ, ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವವರು ಮತ್ತೆ ಹಾಕುವುದನ್ನು ಮರೆಯಬೇಡಿ.

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಬಾಗಿಲಿಗೆ, ಆಮೇಲೆ ದೀಪಕ್ಕೆ, ಉಳಿದರೆ ಕ್ಯಾಮರಾಕ್ಕೆ ಖರ್ಚು ಮಾಡಿ. ಕ್ಯಾಮರಾ ಕಳ್ಳನನ್ನು ತೋರಿಸುತ್ತದೆ, ತಡೆಯುವುದು ಬಾಗಿಲು.

ನಾಯಿ ಒಳ್ಳೆಯದೇ. ಆದರೆ ಜಡಿಮಳೆಯಲ್ಲಿ ಅದು ಕೊಟ್ಟಿಗೆಯ ಹುಲ್ಲಿನಲ್ಲಿ ಮುದುರಿ ಮಲಗಿರುತ್ತದೆ. ಶಿರಸಿ, ಸಿದ್ದಾಪುರದ ಕಾಡಂಚಿನಲ್ಲಿ ಚಿರತೆ ಭಯಕ್ಕೆ ಒಳಗೇ ಕಟ್ಟುವುದೂ ಇದೆ. ಹಿಂಬಾಗಿಲ ಹತ್ತಿರದ ಕೋಣೆಯಲ್ಲಿ ಮಲಗಿಸಿದರೆ ಹೆಚ್ಚು ಉಪಯೋಗ.

ಐದನೇ ಹಂತ: ಅಡಿಕೆ, ಚಿನ್ನ, ನಗದು

ಅಡಿಕೆ ಮನೆಯಲ್ಲಿ ಇದ್ದಷ್ಟು ದಿನವೂ ಅಪಾಯವೇ. ದರಕ್ಕಾಗಿ ಕಾಯುವುದಾದರೆ ನೀವು ವ್ಯವಹಾರ ಮಾಡುವ ಸಹಕಾರಿ ಸಂಘದ ಗೋದಾಮಿನಲ್ಲಿ ಇಡುವ ವ್ಯವಸ್ಥೆ ಇದೆಯೇ ಕೇಳಿ. ಮನೆಯಲ್ಲೇ ಇಡಬೇಕಾದರೆ ಹೊರಗಿನ ಪಡಸಾಲೆ ಬಿಟ್ಟು ಒಳಕೋಣೆಯಲ್ಲಿಡಿ. ಚೀಲದ ಹೊರಗೂ, ಒಳಗೆ ಒಂದು ಚೀಟಿಯಲ್ಲೂ ನಿಮ್ಮದೇ ಗುರುತು ಹಾಕಿ, ಎಣಿಕೆ ಬರೆದಿಡಿ. ಕಾಳುಮೆಣಸಿಗೂ ಹೀಗೇ. ಹತ್ತು ಚೀಲದಲ್ಲಿ ಒಂದು ಹೋದರೆ ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು, ವಾರಕ್ಕೊಮ್ಮೆ ಎಣಿಸಿ. ಎಷ್ಟು ಕ್ವಿಂಟಾಲ್ ಇಟ್ಟಿದ್ದೀರಿ ಎಂಬ ಸುದ್ದಿ ಚಹಾ ಅಂಗಡಿಯಲ್ಲಿ ಬೇಡ.

ನಿತ್ಯ ಹಾಕದ ಚಿನ್ನಕ್ಕೆ ಬ್ಯಾಂಕ್ ಲಾಕರ್ ಸರಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2022ರ ಜನವರಿ 1ರಿಂದ, ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ. ಬಾಡಿಗೆ 2,000 ರೂಪಾಯಿ ಇದ್ದರೆ ಎರಡು ಲಕ್ಷಕ್ಕೆ ಮಿತಿ. ಪ್ರವಾಹ, ಸಿಡಿಲಿನಂಥ ಪ್ರಕೃತಿ ವಿಕೋಪಕ್ಕೆ ಈ ಹೊಣೆ ಇಲ್ಲ. ಆದ್ದರಿಂದ ಹೊಳೆ ಅಂಚಿನ ಶಾಖೆಯಾದರೆ ಲಾಕರ್ ಯಾವ ಮಟ್ಟದಲ್ಲಿದೆ ಅಂತ ನೋಡಿಕೊಳ್ಳಿ.

ಚಿನ್ನದ ಗುರುತು ಬರೆದಿಡುವುದು ಮುಖ್ಯ. 2023ರ ಏಪ್ರಿಲ್ 1ರ ನಂತರ ಮಾರುವ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಭೂತಗನ್ನಡಿ ಹಿಡಿದು ಓದಿ, ಬಿಲ್ಲಿನ ಮೇಲೆ ಬರೆದಿಡಿ. ಅಜ್ಜಿಯ ಕಾಲದ ಸರಕ್ಕೆ ಆ ಸಂಖ್ಯೆ ಇರುವುದಿಲ್ಲ. ಅದರ ಎದುರು-ಹಿಂದು ಫೋಟೋ ತೆಗೆದು, ತೂಕ ಬರೆದು, ಬೇರೆ ಊರಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ. ಸಿಕ್ಕಿದ ಆಭರಣ ನಿಮ್ಮದೇ ಅಂತ ತೋರಿಸಲು ಇದೇ ಆಧಾರ.

ಮನೆಯಲ್ಲಿ ಉಳಿದ ಒಡವೆಯನ್ನು ಬೀರುವಿನಲ್ಲಿ, ಹಾಸಿಗೆ ಕೆಳಗೆ, ದೇವರ ಕೋಣೆಯಲ್ಲಿ, ಅಕ್ಕಿ ಡಬ್ಬದಲ್ಲಿ ಇಡಬೇಡಿ. ಎಲ್ಲರೂ ಮೊದಲು ಹುಡುಕುವ ಜಾಗಗಳೇ ಇವು.

ಆರನೇ ಹಂತ: ಬೀಗ ಹಾಕಿ ಹೋಗುವಾಗ

ಮುಂಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ ನೇತುಹಾಕಿದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡು ಹಾಕಿದ ಹಾಗೆ. ಬಾಗಿಲಿನೊಳಗೇ ಕೂರುವ ಲಾಕು ಹಾಕಿಸಿದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಉಳಿದ ಬಾಗಿಲುಗಳಿಗೆಲ್ಲ ಒಳಗಿನಿಂದಲೇ ಅಡ್ಡ ಕೊಟ್ಟು, ಇದೊಂದರಿಂದ ಹೊರಬನ್ನಿ.

ನಮ್ಮ ಊರುಗಳಲ್ಲಿ ಮನೆ ಖಾಲಿ ಇದೆಯೋ ಇಲ್ಲವೋ ಎಂದು ಬೀಗ ನೋಡದೆಯೂ ಹೇಳಬಹುದು. ಬೆಳಿಗ್ಗೆ ಬಚ್ಚಲ ಒಲೆಯ ಹೊಗೆ ಏಳುವುದಿಲ್ಲ. ಬಾಗಿಲಲ್ಲಿ ರಂಗೋಲಿ ಇರುವುದಿಲ್ಲ. ಅಂಗಳದಲ್ಲಿ ಎಲೆ ಬಿದ್ದು ಕೊಳೆಯುತ್ತದೆ, ನಡೆಯುವ ದಾರಿಯಲ್ಲೂ ಹಾವಸೆ ಕಟ್ಟುತ್ತದೆ. ಆದ್ದರಿಂದ ಪಕ್ಕದ ಮನೆಯವರನ್ನು "ಅಕ್ಕಾ, ನಾವಿಲ್ಲದಾಗ ಎರಡು ದಿನಕ್ಕೊಮ್ಮೆ ಅಂಗಳ ಗುಡಿಸಿ ರಂಗೋಲಿ ಎಳೀತೀರಾ?" ಅಂತ ಕೇಳಿಕೊಳ್ಳಿ. ಸಂಜೆ ತುಳಸಿಕಟ್ಟೆಗೆ ದೀಪ ಇಡಲಿ. ಜಗಲಿಯಲ್ಲಿ ಒಂದೆರಡು ಜೊತೆ ಚಪ್ಪಲಿ, ಒಂದು ಒದ್ದೆ ಕೊಡೆ ಇರಲಿ. ಹಾಲು, ಪೇಪರು ನಿಲ್ಲಿಸಿ. ಅವರು ಊರಿಗೆ ಹೋದಾಗ ನೀವೂ ಹೀಗೇ ನೋಡಿಕೊಳ್ಳಿ.

ಕೀ ಒಬ್ಬರ ಹತ್ತಿರ ಇರಲೇಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಘಟ್ಟದ ರಸ್ತೆಗಳೂ ಮಳೆಯಲ್ಲಿ ಯಾವಾಗ ನಿಲ್ಲುತ್ತವೋ ಗೊತ್ತಿಲ್ಲ. ಎರಡು ದಿನಕ್ಕೆಂದು ಹೋದವರು ವಾರ ಕಳೆದು ಬರಬೇಕಾಗಬಹುದು. ಕುಂಡದ ಕೆಳಗೆ, ಹೊಸ್ತಿಲ ಮೇಲೆ ಕೀ ಇಡುವ ಅಭ್ಯಾಸ ಬಿಡಿ.

ನಿಮ್ಮ ಠಾಣೆಯ ಬೀಟ್ ಪೊಲೀಸರಿಗೆ ಹೋಗುವ ದಿನ, ಬರುವ ದಿನ, ಕೀ ಯಾರ ಹತ್ತಿರವಿದೆ ಎಂಬುದನ್ನು ಹೇಳಿ. ಇದಕ್ಕೆ ಸಂಕೋಚ ಬೇಡ. ವಾಟ್ಸ್ಯಾಪ್ ಸ್ಟೇಟಸ್ಸಿಗೆ ಪ್ರವಾಸದ ಫೋಟೋ ವಾಪಸ್ ಬಂದ ಮೇಲೆ ಹಾಕಿ. ಚೌತಿಗೆ ಮೂಲಮನೆಗೆ ಹೋಗುವಾಗ ಕೇರಿಗೆ ಕೇರಿಯೇ ಖಾಲಿಯಾಗುತ್ತದೆ, ಆಗ ಯಾರು ಉಳಿಯುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ರಾತ್ರಿಯಿಡೀ ಯಕ್ಷಗಾನಕ್ಕೆ ಹೋಗುವಾಗ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲೂ ಇದೇ ಮಾತು.

ಬಾಗಿಲಿಗೆ ಬರುವ ಅಪರಿಚಿತರ ಬಗ್ಗೆ ಒಂದು ಮಾತು. ದೂರದ ರಾಜ್ಯದಿಂದ ಕೆಲಸಕ್ಕೆ ಬಂದವರನ್ನೆಲ್ಲ ಕಳ್ಳರಂತೆ ನೋಡುವುದು ಅನ್ಯಾಯ. ಗಮನಿಸಬೇಕಾದ್ದು ಅವರು ಏನು ಕೇಳುತ್ತಾರೆ ಎಂಬುದನ್ನು. ಮನೆಯಲ್ಲಿ ಎಷ್ಟು ಜನ, ಗಂಡಸರು ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬೇಡ. ಚಿನ್ನಕ್ಕೆ ಪಾಲಿಶ್ ಮಾಡಿಕೊಡುತ್ತೇವೆ ಎಂದವರಿಗೆ ಜಗಲಿ ಹತ್ತಲೂ ಬಿಡಬೇಡಿ.

ಏಳನೇ ಹಂತ: ರಾತ್ರಿ ಏನಾದರೂ ಅನುಮಾನ ಬಂದರೆ

ಕರೆಂಟು ಹೋದ ತಕ್ಷಣ ಬಾಗಿಲು ತೆಗೆದು ಹೊರಗೆ ಹೋಗಬೇಡಿ. ಮೊದಲು ಕಿಟಕಿಯಿಂದ ಪಕ್ಕದ ಮನೆ ನೋಡಿ. ಅಲ್ಲಿ ದೀಪ ಇದ್ದು ನಿಮ್ಮಲ್ಲಿ ಮಾತ್ರ ಹೋಗಿದ್ದರೆ ಫೋನ್ ಮಾಡಿ ಯಾರನ್ನಾದರೂ ಕರೆಯಿರಿ. ಹಿತ್ತಿಲಲ್ಲಿ ನಲ್ಲಿ ತಾನಾಗಿ ಹರಿಯತೊಡಗಿದರೂ ಅಷ್ಟೇ. ಹೊರಗೆ ಬರಲಿ ಅಂತಲೇ ಹೀಗೆ ಮಾಡುವವರಿದ್ದಾರೆ.

ಯಾರೋ ಒಳಗೆ ಬಂದಿದ್ದಾರೆ ಅಂತ ಖಚಿತವಾದರೆ ಎದುರಿಸಲು ಹೋಗಬೇಡಿ. ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ ಇರಲಿ, ಅದನ್ನು ಹಾಕಿಕೊಂಡು 112ಕ್ಕೆ ಫೋನ್ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಕರೆ ಹೋಗಬಹುದು. ಪೊಲೀಸರು ಬರಲು ಹೊತ್ತಾಗುವ ಒಂಟಿ ಮನೆಗಳಿಗೆ ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದು ಸನ್ನೆ ಗೊತ್ತು ಮಾಡಿಕೊಳ್ಳಬೇಕು. ಮಳೆಯಲ್ಲಿ ಕೂಗು ಮುಟ್ಟುವುದಿಲ್ಲ. ತೋಟದಾಚೆಯ ಮನೆಯ ಕಿಟಕಿಗೆ ದೊಡ್ಡ ಟಾರ್ಚನ್ನು ಮೂರು ಸಲ ಬಿಟ್ಟು ಬಿಟ್ಟು ಬೆಳಗಿಸುವುದು ಮುಟ್ಟುತ್ತದೆ. ಮಳೆ ಕಡಿಮೆ ಇದ್ದರೆ ಶಂಖ, ಜಾಗಟೆಯೂ ಆದೀತು. ಹಿರಿಯರ ಹಾಸಿಗೆ ಪಕ್ಕ ಟಾರ್ಚ್, ಚಾರ್ಜ್ ಆದ ಫೋನು, ದೊಡ್ಡ ಅಕ್ಷರದಲ್ಲಿ ಬರೆದ ನಾಲ್ಕು ನಂಬರು ಇರಲಿ.

ಕಳ್ಳತನ ಆಗಿಹೋಗಿದ್ದರೆ

ಬಾಗಿಲು ಮುರಿದಿರುವುದು ಕಂಡರೆ ಒಳಗೆ ಹೋಗಬೇಡಿ, ಕಳ್ಳ ಇನ್ನೂ ಅಲ್ಲೇ ಇರಬಹುದು. ದೂರ ನಿಂತು 112ಕ್ಕೆ ತಿಳಿಸಿ. ಬೀರು, ಹಿಡಿಕೆ, ಚೆಲ್ಲಿದ ಬಟ್ಟೆ ಯಾವುದನ್ನೂ ಮುಟ್ಟಬೇಡಿ, ಬೆರಳಚ್ಚು ಹೋಗುತ್ತದೆ. ನೆಂಟರಿಷ್ಟರು ಒಳಗೆಲ್ಲ ಓಡಾಡಲು ಬಿಡಬೇಡಿ. ಅಂಗಳದ ಕೆಸರಿನಲ್ಲಿ ಹೆಜ್ಜೆ ಗುರುತು ಕಂಡರೆ ಅದರ ಮೇಲೆ ಒಂದು ಬುಟ್ಟಿಯನ್ನೋ ಬಾಣಲೆಯನ್ನೋ ಬೋರಲು ಹಾಕಿ. ಇಲ್ಲದಿದ್ದರೆ ಪೊಲೀಸರು ಬರುವಷ್ಟರಲ್ಲಿ ಮಳೆ ಅಳಿಸಿಬಿಡುತ್ತದೆ.

ದೂರಿನಲ್ಲಿ ಕೊನೆಯ ಸಲ ಬಾಗಿಲು ಹಾಕಿದ ಹೊತ್ತು, ಮುರಿದದ್ದು ಕಂಡ ಹೊತ್ತು, ಯಾವ ಬೀಗ ಹೇಗೆ ಮುರಿದಿದೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮಿನಲ್ಲಿ ಶಿಕ್ಷೆ ಹೆಚ್ಚು, 14 ವರ್ಷದವರೆಗೂ ಆಗಬಹುದು. ಹಾಗಾಗಿ ಹೊತ್ತು ಮುಖ್ಯ. ನೀವು ಬೆಂಗಳೂರಿನಲ್ಲಿದ್ದು ರಸ್ತೆ ಬಂದ್ ಆಗಿದ್ದರೆ ಅಲ್ಲಿಯ ಠಾಣೆಯಲ್ಲೂ ದೂರು ಕೊಡಬಹುದು, ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಿರಿ. ಇನ್ಶೂರೆನ್ಸ್ ಇದ್ದರೆ ಅದೇ ದಿನ ಕಂಪನಿಗೆ ತಿಳಿಸಿ. ಮನೆ ಇಷ್ಟು ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಪರಿಹಾರ ಇಲ್ಲ ಎಂಬ ಷರತ್ತು ಕೆಲವು ಪಾಲಿಸಿಗಳಲ್ಲಿರುತ್ತದೆ, ಕೊಳ್ಳುವಾಗಲೇ ಓದಿಕೊಳ್ಳಿ. ಎಟಿಎಂ ಕಾರ್ಡು, ಚೆಕ್ ಬುಕ್ ಹೋಗಿದ್ದರೆ ತಕ್ಷಣ ಬ್ಲಾಕ್ ಮಾಡಿಸಿ.

ಕೀಗೊಂಚಲು ಕಾಣೆಯಾಗಿದ್ದರೆ ಆ ರಾತ್ರಿಯೊಳಗೆ ಬೀಗಗಳನ್ನು ಬದಲಿಸಿ. ಹೊಸ ಕೊಂಡಿ ಕೂರಿಸುವಾಗ ಹಳೆಯ ತೂತಿಗೆ ಸ್ಕ್ರೂ ಹಾಕಿಸಬೇಡಿ, ಒಂದು ಇಂಚು ಮೇಲೋ ಕೆಳಗೋ ಹೊಸ ತೂತು ಕೊರೆಸಿ ಬೋಲ್ಟ್ ಹಾಕಿಸಿ.